ತಲೆಗೆ ತೀವ್ರ ಪೆಟ್ಟಾದ ಮಕ್ಕಳು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಚಿಕಿತ್ಸೆಗೆ ಯಾವ ವಿಮೆ ಇದೆ?

ತುಂಗಾತೀರ (ಶಿವಮೊಗ್ಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನನ್ನ ಒಂಬತ್ತು ವರ್ಷದ ಮಗಳಿಗೆ ಕಳೆದ ವರ್ಷ ರಸ್ತೆ ಅಪಘಾತದಲ್ಲಿ ತಲೆಗೆ ತೀವ್ರವಾದ ಪೆಟ್ಟು ಬಿತ್ತು. ಮೆದುಳಿನ ಶಸ್ತ್ರಚಿಕಿತ್ಸೆ, ವೆಂಟಿಲೇಟರ್, ಐಸಿಯು ಎಲ್ಲವನ್ನೂ ದಾಟಿ ಅವಳು ಮನೆಗೆ ಬಂದಿದ್ದಾಳೆ. ಆ ಹಂತದ ಖರ್ಚಿನ ಬಹುಪಾಲನ್ನು ನಮ್ಮ ಕುಟುಂಬದ ಆರೋಗ್ಯ ವಿಮೆಯೇ ಭರಿಸಿತು. ಅದರ ಬಗ್ಗೆ ನನ್ನ ದೂರೇನೂ ಇಲ್ಲ. ನಾನು ಕೇಳಬೇಕೆಂದಿರುವುದು ಅದರ ಮುಂದಿನದನ್ನು.

ಈಗ ಅವಳು ನಡೆಯುತ್ತಾಳೆ, ಆದರೆ ಎಡಗೈಯಲ್ಲಿ ಲೋಟ ಹಿಡಿಯಲಾರಳು. ಮಾತು ಬರುತ್ತದೆ, ಆದರೆ ಒಂದು ವಾಕ್ಯ ಮುಗಿಸಲು ತಡವರಿಸುತ್ತಾಳೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಸಣ್ಣ ಸದ್ದಿಗೂ ಸಿಟ್ಟಾಗಿ ಅಳುತ್ತಾಳೆ. ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಚಿಕಿತ್ಸೆ), ಸ್ಪೀಚ್ ಥೆರಪಿ ಮೂರನ್ನೂ ಕನಿಷ್ಠ ಒಂದು ವರ್ಷ ಬಿಡದೆ ಮಾಡಿಸಬೇಕೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ವೈದ್ಯರು ಬರೆದುಕೊಟ್ಟಿದ್ದಾರೆ. ನಮ್ಮ ಪಾಲಿಸಿ ಬಿಡುಗಡೆಯ ನಂತರದ 60 ದಿನಗಳ ಖರ್ಚನ್ನು ಮಾತ್ರ ಒಪ್ಪುತ್ತದೆ. ಆ ಅವಧಿಯೊಳಗಿನ ಥೆರಪಿ ಬಿಲ್ಲುಗಳಲ್ಲಿಯೂ ಕೆಲವನ್ನು ‘ಪುನಶ್ಚೇತನ ಚಿಕಿತ್ಸೆ ಸೇರಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿಸಿದ್ದಾರೆ.

ನಮ್ಮ ಪಕ್ಕದ ಊರಿನಲ್ಲಿ ಅದೇ ವಯಸ್ಸಿನ ಹುಡುಗನೊಬ್ಬನಿದ್ದಾನೆ. ಕಟ್ಟುತ್ತಿದ್ದ ಮನೆಯ ತಾರಸಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಅವನಿಗೆ ಆಯುಷ್ಮಾನ್ ಕಾರ್ಡಿನಲ್ಲಿ ಶಸ್ತ್ರಚಿಕಿತ್ಸೆ ಉಚಿತವಾಗಿ ಆಯಿತು. ಆ ಬಳಿಕ ಅವನ ತಾಯಿ ಗಾರೆ ಕೆಲಸದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಅವನನ್ನು ಪಟ್ಟಣಕ್ಕೆ ಕರೆತರುತ್ತಿದ್ದವರು ಕೆಲವೇ ವಾರಗಳಲ್ಲಿ ನಿಲ್ಲಿಸಿದರು. ನಾನು ಸಾಲ ಮಾಡಿಯಾದರೂ ಥೆರಪಿ ಮುಂದುವರಿಸಿದ್ದೇನೆ. ಇಬ್ಬರು ಮಕ್ಕಳ ಪೆಟ್ಟೂ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು. ಇಂದು ಅವರ ಸ್ಥಿತಿ ಒಂದೇ ಬಗೆಯದಾಗಿ ಉಳಿದಿಲ್ಲ. ಈ ವ್ಯತ್ಯಾಸ ಪೆಟ್ಟಿನಿಂದ ಬಂದದ್ದೋ ಹಣದಿಂದ ಬಂದದ್ದೋ ಎಂಬುದು ನನ್ನನ್ನು ಕಾಡುತ್ತಿದೆ. ತಿಳಿದವರು ದಯವಿಟ್ಟು ಬರೆಯಿರಿ.

ಪುನಶ್ಚೇತನ ವೈದ್ಯೆ (ಬೆಂಗಳೂರು)

ತುಂಗಾತೀರ ಅವರೇ, ಮಗಳು ಇಷ್ಟು ದೂರ ಬಂದಿರುವುದು ನಿಜಕ್ಕೂ ಸಣ್ಣ ಸಂಗತಿಯಲ್ಲ. ತಲೆಪೆಟ್ಟಿನ ತೀವ್ರತೆಯನ್ನು ಅಳೆಯಲು ನಾವು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಮಾಪಕವನ್ನು ಬಳಸುತ್ತೇವೆ. 3ರಿಂದ 15ರವರೆಗಿನ ಈ ಅಂಕದಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟೆಂದು ಅರ್ಥ. ಅಂಥ ಮಗು ಬದುಕುಳಿಯುವುದು ನರಶಸ್ತ್ರಚಿಕಿತ್ಸಕರ ಮತ್ತು ಐಸಿಯುವಿನ ಕೆಲಸ. ಬದುಕುಳಿದ ಮಗು ಮತ್ತೆ ಉಣ್ಣುವುದು, ಓದುವುದು, ಗೆಳೆಯರೊಡನೆ ಆಡುವುದು ಮಾತ್ರ ಬಹುಪಾಲು ಅನಂತರದ ತಿಂಗಳು ಮತ್ತು ವರ್ಷಗಳ ಕೆಲಸ.

ಮಕ್ಕಳ ಮೆದುಳು ಎಳೆಯದು, ಹೇಗೋ ತಾನಾಗಿಯೇ ಸರಿಹೋಗುತ್ತದೆ ಎಂಬ ನಂಬಿಕೆ ಜನರಲ್ಲಷ್ಟೇ ಅಲ್ಲ, ಕೆಲವು ವೈದ್ಯರಲ್ಲಿಯೂ ಇದೆ. ಇದು ಅರ್ಧ ಸತ್ಯ. ಎಳೆಯ ಮೆದುಳಿಗೆ ಹೊಸ ದಾರಿ ಕಂಡುಕೊಳ್ಳುವ ಶಕ್ತಿ ಇರುವುದು ನಿಜ, ಆದರೆ ಅದು ಪದೇಪದೇ ಅಭ್ಯಾಸ ಮಾಡಿಸಿದರೆ ಮಾತ್ರ ಫಲ ಕೊಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಯೋಜನೆ ಹಾಕುವುದು, ಕೋಪ ತಡೆಯುವುದು, ಎರಡು ಕೆಲಸಗಳನ್ನು ಒಟ್ಟಿಗೆ ಗಮನಿಸುವುದು ಮೊದಲಾದ ಸಾಮರ್ಥ್ಯಗಳು ಮೆದುಳಿನ ಮುಂಭಾಗದಲ್ಲಿ ಹದಿಹರೆಯ ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತವೆ. ಒಂಬತ್ತನೆಯ ವಯಸ್ಸಿನಲ್ಲಿ ಆ ಭಾಗಕ್ಕಾದ ಹಾನಿ ಆಗ ಕಾಣದೆ, ಪಾಠಗಳು ಕಠಿಣವಾಗುವ ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳಬಹುದು. ಅಪಸ್ಮಾರ, ಹಾರ್ಮೋನುಗಳ ಕೊರತೆ, ಮೆದುಳಿನಲ್ಲಿ ನೀರು ತುಂಬುವುದು ಕೂಡ ತಡವಾಗಿ ಬರಬಹುದು. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ ಅಗತ್ಯ.

ನಿಮ್ಮ ಕೊನೆಯ ಪ್ರಶ್ನೆಗೆ, ಮಕ್ಕಳನ್ನು ನೋಡದೆ ಉತ್ತರಿಸುವುದು ಸರಿಯಲ್ಲ. ಆದರೆ ಒಂದೇ ಬಗೆಯ ಗಾಯವಾದ ಇಬ್ಬರಲ್ಲಿ ಒಬ್ಬರಿಗೆ ಥೆರಪಿ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದಾಗ ಬಿಗಿದ ಕೀಲು, ಸೆಟೆದ ಕಾಲು, ಮೂಲೆಗುಂಪಾದ ಮಾತು ಇವುಗಳನ್ನು ನಾನು ಹೊರರೋಗಿ ವಿಭಾಗದಲ್ಲಿ ಆಗಾಗ ನೋಡುತ್ತೇನೆ. ಅವುಗಳಲ್ಲಿ ಬಹಳಷ್ಟನ್ನು ತಡೆಯಬಹುದಾಗಿತ್ತು ಎಂಬುದೇ ನನಗೆ ಅತ್ಯಂತ ನೋವು ಕೊಡುವ ಸಂಗತಿ.

ಕ್ಲೇಮು ವಿಭಾಗದವನು

ನಾನು ಆರೋಗ್ಯ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸದಲ್ಲಿ ಬಹುಕಾಲದಿಂದ ಇದ್ದೇನೆ. ನಮ್ಮ ಆರೋಗ್ಯ ವಿಮೆಯ ಅಡಿಪಾಯವೇ ಆಸ್ಪತ್ರೆಗೆ ದಾಖಲಾಗುವುದು. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ 2020ರಲ್ಲಿ ಎಲ್ಲ ಕಂಪನಿಗಳೂ ಮಾರಬೇಕೆಂದು ಕಡ್ಡಾಯಗೊಳಿಸಿದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯನ್ನೇ ತೆಗೆದುಕೊಳ್ಳಿ: ದಾಖಲಾತಿಗೆ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನ, ಅಷ್ಟೇ. ಹೆಚ್ಚು ಪ್ರೀಮಿಯಂ ಇರುವ ಪಾಲಿಸಿಗಳಲ್ಲಿ ಬಿಡುಗಡೆಯ ನಂತರದ ಅವಧಿ ಇನ್ನೂ ದೀರ್ಘವಾಗಿರುವುದುಂಟು.

ಬಿಲ್ಲು ಹಿಂದಿರುಗಿಸಿದ ವಿಚಾರಕ್ಕೆ ಬರುತ್ತೇನೆ. 2019ರಲ್ಲಿ ಐಆರ್‌ಡಿಎಐ ಎಲ್ಲ ಕಂಪನಿಗಳ ‘ಇದು ವಿಮೆಯಲ್ಲಿ ಸೇರಿಲ್ಲ’ ಎಂದು ಹೊರಗಿಡುವ ಷರತ್ತುಗಳನ್ನು ಏಕರೂಪಗೊಳಿಸಿತು. ಅದರಲ್ಲಿ ಐದನೆಯ ಸಂಕೇತದ ಷರತ್ತಿನ ಶೀರ್ಷಿಕೆಯಲ್ಲಿ ವಿಶ್ರಾಂತಿ ಮತ್ತು ಪುನಶ್ಚೇತನ ಎಂದಿದೆ. ಆದರೆ ಶೀರ್ಷಿಕೆಯ ಕೆಳಗಿನ ಪಠ್ಯವನ್ನು ಓದಿದರೆ, ಚಿಕಿತ್ಸೆಗಾಗಿ ಅಲ್ಲದೆ ಮುಖ್ಯವಾಗಿ ಹಾಸಿಗೆಯ ವಿಶ್ರಾಂತಿಗಾಗಿಯೇ ದಾಖಲಾದ ಸಂದರ್ಭ, ಸ್ನಾನ, ಬಟ್ಟೆ ತೊಡಿಸುವುದು ಮೊದಲಾದ ದೈನಂದಿನ ಆರೈಕೆಯ ಖರ್ಚು ಇಂಥವುಗಳ ಬಗ್ಗೆ ಅದು ಹೇಳುತ್ತದೆ. ದಾಖಲಾತಿಗೆ ಕಾರಣವಾದ ಅದೇ ಗಾಯಕ್ಕಾಗಿ, ವೈದ್ಯರ ಲಿಖಿತ ಸಲಹೆಯ ಮೇರೆಗೆ, ನಿಗದಿತ ದಿನಗಳೊಳಗೆ ಮಾಡಿಸಿದ ಫಿಸಿಯೋಥೆರಪಿಗೆ ಈ ಷರತ್ತನ್ನು ಅನ್ವಯಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಡಿಸ್ಚಾರ್ಜ್ ಸಮ್ಮರಿಯ ಪ್ರತಿ, ಪ್ರತಿ ಅವಧಿಯ ದಿನಾಂಕ, ಥೆರಪಿಸ್ಟರ ಪ್ರಗತಿ ವರದಿ ಇವನ್ನು ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಯಾವ ಕಾರಣಕ್ಕೂ ಈಗಿನ ಪಾಲಿಸಿಯನ್ನು ನವೀಕರಿಸದೆ ಬಿಡಬೇಡಿ. ಹೊಸದಾಗಿ ಪಾಲಿಸಿ ಮಾಡಿಸಿದರೆ ಈ ಗಾಯ ಮತ್ತು ಮುಂದೆ ಬರಬಹುದಾದ ಅಪಸ್ಮಾರ ‘ಮೊದಲೇ ಇದ್ದ ಕಾಯಿಲೆ’ ಆಗುತ್ತದೆ. ಅದಕ್ಕೆ ಮೂರು ವರ್ಷಗಳವರೆಗೆ ಕಾಯಬೇಕಾಗಬಹುದು. ಹಾಗೆಂದು ಎರಡು ಮೂರು ವರ್ಷಗಳ ಥೆರಪಿಯನ್ನೂ ವಿಮೆಯೇ ಕೊಡಬೇಕೆಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ವಿಮೆ ಅನಿಶ್ಚಿತವಾದ ಘಟನೆಗೆ ಇರುವುದು. ವಾರಕ್ಕೆ ಮೂರು ಬಾರಿಯಂತೆ ನಿಶ್ಚಿತವಾಗಿ ಬರುವ, ನಿಜವಾಗಿ ನಡೆಯಿತೋ ಇಲ್ಲವೋ ಎಂದು ಪರಿಶೀಲಿಸುವುದು ಕಷ್ಟವಾದ ಬಿಲ್ಲುಗಳನ್ನು ಎಲ್ಲರ ಪ್ರೀಮಿಯಂನಿಂದ ಕೊಟ್ಟರೆ ಪ್ರೀಮಿಯಂ ಏರುತ್ತದೆ.

ತುಂಗಾತೀರ

ಸರ್, ಷರತ್ತಿನ ವಿವರಣೆಗೆ ಕೃತಜ್ಞ. ಆ ಪತ್ರವನ್ನು ಈ ವಾರವೇ ಬರೆಯುತ್ತೇನೆ. ಆದರೆ ನಿಮ್ಮ ಕೊನೆಯ ಮಾತನ್ನು ಒಪ್ಪಲು ಸಾಧ್ಯವಾಗುತ್ತಿಲ್ಲ. ಅನಿಶ್ಚಿತವಾದ ಘಟನೆ ಅಪಘಾತ. ಅದು ನಡೆದುಹೋಗಿದೆ, ಈ ಥೆರಪಿ ಅದರದೇ ಮುಂದುವರಿಕೆ. ಶಸ್ತ್ರಚಿಕಿತ್ಸೆಗೆ ಹಲವು ಲಕ್ಷ ಕೊಟ್ಟ ಬಳಿಕ, ಆ ಶಸ್ತ್ರಚಿಕಿತ್ಸೆ ಸಾರ್ಥಕವಾಗಲು ಬೇಕಾದ ಅದಕ್ಕಿಂತ ಎಷ್ಟೋ ಚಿಕ್ಕ ಮೊತ್ತಕ್ಕೆ ಕೈಚೆಲ್ಲುವುದು ಅಡಿಪಾಯ ಹಾಕಿ ಗೋಡೆ ಎಬ್ಬಿಸದೆ ಹೋದಂತೆ ಅಲ್ಲವೇ?

ಆರೋಗ್ಯಮಿತ್ರ

ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ರೋಗಿಗಳಿಗೆ ನೆರವಾಗುವ ಕೆಲಸ ನನ್ನದು. ಆ ಯೋಜನೆಯ ಕಡೆಯಿಂದ ಒಂದಿಷ್ಟು ವಿವರ ಕೊಡುತ್ತೇನೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ನಮ್ಮ ರಾಜ್ಯದಲ್ಲಿ 2018ರಿಂದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದ ಶೇಕಡಾ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವು ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಿಲ್ಲ. ತಲೆಪೆಟ್ಟು ತುರ್ತು ಸಂದರ್ಭವೇ ಆದ್ದರಿಂದ, ಪತ್ರ ತರಲು ಯಾರೂ ಸಮಯ ಕಳೆಯಬಾರದು.

ರಾಷ್ಟ್ರೀಯ ಯೋಜನೆಯ ನಿಯಮದಂತೆ ಬಿಡುಗಡೆಯ ನಂತರದ ಔಷಧ ಮತ್ತು ತಪಾಸಣೆಗೆ 15 ದಿನಗಳ ರಕ್ಷಣೆ ಇದೆ. ಹೊರರೋಗಿ ಚಿಕಿತ್ಸೆ ಸೇರಿಲ್ಲ. ತುಂಗಾತೀರ ಅವರು ಹೇಳಿದ ಹುಡುಗನ ಪ್ರಕರಣದಲ್ಲಿ ಆಗಿರುವುದು ಇದೇ. ಒಂದು ವಿಷಯ ಮಾತ್ರ ಬಹಳ ತಾಯಂದಿರಿಗೆ ಗೊತ್ತಿರುವುದಿಲ್ಲ: ಊತ ಇಳಿಯಲೆಂದು ತಲೆಬುರುಡೆಯ ಒಂದು ತುಂಡನ್ನು ತೆಗೆದಿಟ್ಟಿದ್ದರೆ, ಕೆಲವು ತಿಂಗಳ ನಂತರ ಅದನ್ನು ಮತ್ತೆ ಕೂರಿಸುವ ಶಸ್ತ್ರಚಿಕಿತ್ಸೆ ಬೇರೆಯೇ ದಾಖಲಾತಿ, ಅದಕ್ಕೆ ಬೇರೆಯೇ ಅನುಮೋದನೆ ಪಡೆಯಬೇಕು. ಹಣವಿಲ್ಲವೆಂದು ಹೆದರಿ ಮಗುವನ್ನು ಮೂಳೆಯಿಲ್ಲದ ತಲೆಯೊಂದಿಗೆ ಮನೆಯಲ್ಲೇ ಇಟ್ಟುಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಆಸ್ಪತ್ರೆಯಲ್ಲಿರುವ ನಮ್ಮನ್ನು ಬಂದು ಕೇಳಿ.

ರಸ್ತೆ ಅಪಘಾತವಾದರೆ, 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ. ಅಪಘಾತದ ದಿನದಿಂದ ಗರಿಷ್ಠ 7 ದಿನ, ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ. ಇದಕ್ಕೂ ಮುನ್ನ, 2016ರಿಂದಲೇ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗೆ ಕೊಡುತ್ತಿತ್ತು. ಎಲ್ಲವೂ ಜೀವ ಉಳಿಸುವ ಘಟ್ಟಕ್ಕೆ ಇರುವಂಥವು. ತೀವ್ರ ತಲೆಪೆಟ್ಟಿನ ಮಗುವಿನ ವಿಷಯದಲ್ಲಿ ಏಳು ದಿನವೆಂದರೆ ಹಲವು ಬಾರಿ ಇನ್ನೂ ಕಣ್ಣು ಬಿಡದ ಹಂತ.

ವಕೀಲ, ದಾವಣಗೆರೆ

ರಸ್ತೆ ಅಪಘಾತ ಎಂದು ಓದಿದ್ದರಿಂದ ಬರೆಯುತ್ತಿದ್ದೇನೆ. ಆರೋಗ್ಯ ವಿಮೆಯಲ್ಲಿ ಸಿಗದ ದೀರ್ಘಾವಧಿ ಚಿಕಿತ್ಸೆಯ ಹಣವನ್ನು ಕೇಳುವ ನಿಜವಾದ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಢಿಕ್ಕಿ ಹೊಡೆದ ವಾಹನದ ವಿಮಾ ಕಂಪನಿಯಿಂದ ಈಗಾಗಲೇ ಆದ ಖರ್ಚಷ್ಟೇ ಅಲ್ಲ, ಭವಿಷ್ಯದ ವೈದ್ಯಕೀಯ ವೆಚ್ಚ, ಆರೈಕೆ ಮಾಡುವವರ ಸಂಬಳ, ಮಗು ಮುಂದೆ ಗಳಿಸಬಹುದಾಗಿದ್ದ ಆದಾಯದ ನಷ್ಟ ಇವನ್ನೂ ಕೇಳಬಹುದು.

2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಒಂದು ತೀರ್ಪು ಇಂಥ ಪ್ರತಿಯೊಬ್ಬ ತಂದೆ ತಾಯಿಗೂ ಗೊತ್ತಿರಬೇಕು. ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಅಪಘಾತದಲ್ಲಿ ಮೆದುಳಿಗೆ ತೀವ್ರ ಹಾನಿಯಾಗಿತ್ತು. ನ್ಯಾಯಮಂಡಳಿ ಸುಮಾರು 11 ಲಕ್ಷ, ಹೈಕೋರ್ಟ್ ಸುಮಾರು 25.78 ಲಕ್ಷ ಕೊಟ್ಟಿದ್ದವು. ಸುಪ್ರೀಂ ಕೋರ್ಟ್ ಅದನ್ನು 62 ಲಕ್ಷಕ್ಕಿಂತ ಹೆಚ್ಚಿಗೆ ಏರಿಸಿತು. ಅವಳಿಗೆ ಜೀವನಪರ್ಯಂತ ಆರೈಕೆ ಬೇಕೆಂಬುದನ್ನು ಗಮನಿಸಿ, ಇಬ್ಬರು ಸಹಾಯಕರ ವೆಚ್ಚವನ್ನೇ 21.6 ಲಕ್ಷವೆಂದು ಲೆಕ್ಕ ಹಾಕಿತು. ಮನೆಯವರೇ ನೋಡಿಕೊಳ್ಳುತ್ತಾರಲ್ಲ ಎಂದು ಆರೈಕೆಯ ಬೆಲೆಯನ್ನು ಬಿಟ್ಟುಬಿಡುವ ರೂಢಿಗೆ ಇದು ಬಲವಾದ ಉತ್ತರ.

ಎರಡು ಎಚ್ಚರಿಕೆಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ನೀವು ಇನ್ನೂ ಸಲ್ಲಿಸಿಲ್ಲವಾದರೆ ನಾಳೆಯೇ ವಕೀಲರನ್ನು ಕಾಣಿರಿ. ಎರಡನೆಯದು, ಲೋಕ ಅದಾಲತ್‌ನಲ್ಲಿ ಅವಸರದ ರಾಜಿ ಮಾಡಿಕೊಳ್ಳಬೇಡಿ. ವೈದ್ಯೆಯವರು ಮೇಲೆ ಬರೆದಿರುವಂತೆ ಮಗುವಿನ ಕೊರತೆ ವರ್ಷಗಳ ನಂತರವೂ ಹೊರಬೀಳುವುದಾದರೆ, ಕೈಕಾಲಿನ ಊನವನ್ನು ಮಾತ್ರ ಅಳೆದ ಪ್ರಮಾಣಪತ್ರದ ಮೇಲೆ ರಾಜಿಯಾದ ಪ್ರಕರಣವನ್ನು ಮತ್ತೆ ತೆರೆಯಲಾಗದು. ನೆನಪು, ಗಮನ, ಯೋಚನೆಯ ಶಕ್ತಿಯನ್ನು ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆಯ ವರದಿ ಕಡತದಲ್ಲಿ ಇರಲೇಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆಯಿಂದ ಬಂದರೆ ಅದರ ತೂಕ ಹೆಚ್ಚು.

ಕಡಲಾಚೆಯ ಕನ್ನಡತಿ (ಅಮೆರಿಕ)

ನಾನು ಇಲ್ಲಿ ಮಕ್ಕಳ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್. ಹಾಸಿಗೆಗೆ ಹಣ, ಮನೆಗೆ ಇಲ್ಲ ಎಂಬ ಕಟ್ಟುಪಾಡು ಇಲ್ಲಿಯೂ ಇತ್ತು. ಐಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಪುಟ್ಟ ಹುಡುಗಿಗೆ ಶೈಶವದಲ್ಲಿ ಮೆದುಳಿನ ಸೋಂಕು ತಗಲಿ, ಉಸಿರಾಟಕ್ಕೆ ಯಂತ್ರದ ನೆರವು ಬೇಕಾಯಿತು. ಬಡವರು ಮತ್ತು ಅಂಗವಿಕಲರಿಗಾಗಿ ಸರ್ಕಾರ ನಡೆಸುವ ಮೆಡಿಕೈಡ್ ಎಂಬ ವಿಮೆ ಅವಳು ಆಸ್ಪತ್ರೆಯಲ್ಲಿದ್ದರೆ ಮಾತ್ರ ಹಣ ಕೊಡುತ್ತಿತ್ತು. ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವಿದ್ದರೂ ಅನುಮತಿ ಇರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಆ ನಿಯಮವನ್ನು ಅವಳಿಗಾಗಿ ಸಡಿಲಿಸಿದರು. ಅನಂತರ ಕಾಯಿದೆಯೇ ಬದಲಾಗಿ, ಅಂಥ ಅಸಂಖ್ಯ ಮಕ್ಕಳು ಮನೆಗೆ ಬರುವಂತಾಯಿತು.

ಮೆಡಿಕೈಡ್‌ನಲ್ಲಿ 1967ರಿಂದ ಮಕ್ಕಳಿಗೆ ವಿಶೇಷ ರಕ್ಷಣೆ ಇದ್ದು, ಈಗ 21 ವರ್ಷದೊಳಗಿನವರಿಗೆ ವೈದ್ಯಕೀಯವಾಗಿ ಅಗತ್ಯವೆಂದು ಕಂಡುಬಂದ ಥೆರಪಿಯನ್ನು ನೀಡಲೇಬೇಕು. ಖಾಸಗಿ ವಿಮೆಗಳಲ್ಲಿ ಎಷ್ಟೋ ಬಾರಿ ವರ್ಷಕ್ಕೆ ಇಂತಿಷ್ಟೇ ಭೇಟಿಗಳೆಂಬ ಮಿತಿ ಇರುತ್ತದೆ. ಆದರೆ ಇಲ್ಲಿನದನ್ನು ಆದರ್ಶವೆಂದು ಭಾವಿಸಬೇಡಿ: ಮೆಡಿಕೈಡ್ ಕೊಡುವ ದರ ಕಡಿಮೆಯಾದ್ದರಿಂದ ಅದನ್ನು ಸ್ವೀಕರಿಸುವ ಥೆರಪಿಸ್ಟರು ಸಿಗದೆ ಬಡ ಕುಟುಂಬಗಳು ತಿಂಗಳುಗಟ್ಟಲೆ ಕಾಯುತ್ತವೆ. ಕಾಗದದ ಮೇಲಿನ ಹಕ್ಕು ಮತ್ತು ಕೈಗೆ ಸಿಗುವ ಸೇವೆ ಎರಡೂ ಸೇರಿದಾಗ ಮಾತ್ರ ಮಗುವಿಗೆ ಪ್ರಯೋಜನ. ನನಗೆ ನಿಜವಾಗಿ ಮೆಚ್ಚುಗೆಯಾದ ಒಂದು ಸಂಗತಿ ವಿಮೆಯ ಹೊರಗಿನದು. 1990ರಲ್ಲಿ ಇಲ್ಲಿನ ವಿಶೇಷ ಶಿಕ್ಷಣ ಕಾಯಿದೆ ಮೆದುಳಿನ ಪೆಟ್ಟನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿತು; ಆದ್ದರಿಂದ ಥೆರಪಿಯ ಒಂದು ಭಾಗ ಶಾಲೆಯಲ್ಲಿಯೇ, ಉಚಿತವಾಗಿ ನಡೆಯುತ್ತದೆ.

ಹಳ್ಳಿಶಾಲೆ ಮೇಷ್ಟ್ರು

ಮೇಡಂ ಅವರು ಶಾಲೆಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳ ಪಟ್ಟಿಯಲ್ಲಿ ಮೆದುಳಿನ ಪೆಟ್ಟು ಎಂಬ ಪ್ರತ್ಯೇಕ ಹೆಸರು ಇಲ್ಲ. ಆದರೆ ಅದರ ಪರಿಣಾಮಗಳು ಇವೆ: ಚಲನೆಯ ತೊಂದರೆ, ಮಾತು ಮತ್ತು ಭಾಷೆಯ ತೊಂದರೆ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ. ಅವುಗಳ ಅಡಿಯಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿರಿ. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಬರುತ್ತದೆ. ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೂ ಅದು ಬೇಕಾಗುತ್ತದೆ.

ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಬಿಐಇಆರ್‌ಟಿ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಇದೆ. ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕಾರ್ಡು ಮಾಡಿಸಲು ಅವರೇ ಜೊತೆಗೆ ಬರುತ್ತಾರೆ. ತರಗತಿಯಲ್ಲಿ ಇಂಥ ಮಗು ಬೇಗ ದಣಿಯುತ್ತದೆ, ಮರೆಯುತ್ತದೆ, ಸಿಟ್ಟಾಗುತ್ತದೆ. ಹೊರಗೆ ಗಾಯ ಕಾಣದ ಕಾರಣ ಇದನ್ನು ಸೋಮಾರಿತನವೆಂದು ನಮ್ಮವರೇ ಗದರಿಸುವುದನ್ನು ನೋಡಿದ್ದೇನೆ. ಆದ್ದರಿಂದ ವೈದ್ಯರಿಂದ ಶಾಲೆಗೆ ಎಂದೇ ಒಂದು ಪತ್ರವನ್ನು ಕನ್ನಡದಲ್ಲಿ ಬರೆಸಿ ತನ್ನಿರಿ.

ಪುನಶ್ಚೇತನ ವೈದ್ಯೆ

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆಗೆ ಅರ್ಹತೆ ಬರುತ್ತದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆಯೂ ಥೆರಪಿಯೂ ಒಂದು ಮಿತಿಯೊಳಗೆ ಸೇರಿವೆ. ಮುಂಚಿತ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ಮೊದಲು ಖರ್ಚು ಮಾಡಿ ನಂತರ ಬಿಲ್ಲು ಸಲ್ಲಿಸಬೇಕಾಗಿರುವುದು ಬಡವರಿಗೆ ಕಷ್ಟವೇ. ಆದರೂ ಥೆರಪಿಗೆ ಹಣ ಕೊಡುವ ವಿಮೆ ನಮ್ಮಲ್ಲಿ ಇರುವುದೇ ಅಪರೂಪ. ನೋಂದಣಿ ರಾಷ್ಟ್ರೀಯ ನ್ಯಾಸದ ನೋಂದಾಯಿತ ಸಂಸ್ಥೆಗಳ ಮೂಲಕ ನಡೆಯುತ್ತದೆ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಪೂರ್ಣ ಮೌಲ್ಯಮಾಪನ ಮಾಡಿಸಿ, ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಕಲಿತು ಬರುವುದು ಒಳ್ಳೆಯದು.

ಕ್ಲೇಮು ವಿಭಾಗದವನು

ತುಂಗಾತೀರ ಅವರ ಉತ್ತರವನ್ನು ಯೋಚಿಸಿದೆ. ಕೊನೆಯಿಲ್ಲದ ಬಿಲ್ಲುಗಳು ಬೇಡವೆಂಬ ನನ್ನ ಮಾತು ಉಳಿದಿದೆ, ಆದರೆ ದಾರಿಯಿದೆ. ಮಂಡಿ ಬದಲಾವಣೆಗೆ ಪ್ಯಾಕೇಜ್ ಇರುವಂತೆ, ತೀವ್ರ ತಲೆಪೆಟ್ಟಿನ ಮಗುವಿಗೆ ಆರು ತಿಂಗಳ ಥೆರಪಿಯ ಪ್ಯಾಕೇಜ್ ನಿಗದಿ ಮಾಡಬಹುದು: ಆರಂಭದ ಅಳತೆ, ಮಧ್ಯದ ಅಳತೆ, ಪ್ರಗತಿ ಇದ್ದರೆ ಇನ್ನೊಂದು ಅವಧಿ. ದರ ನಿಗದಿಯಾದರೆ ಪರಿಶೀಲನೆಯೂ ಸುಲಭ. ಇದನ್ನು ಮೊದಲು ಆರಂಭಿಸಬೇಕಾದುದು ಆಯುಷ್ಮಾನ್ ಯೋಜನೆ ನಡೆಸುವ ಸರ್ಕಾರಿ ಟ್ರಸ್ಟ್, ಏಕೆಂದರೆ ಜಿಲ್ಲಾ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳು ಸರ್ಕಾರದ ಕೈಯಲ್ಲೇ ಇವೆ.

ವಕೀಲ, ದಾವಣಗೆರೆ

ಅದಕ್ಕೆ ಕಾನೂನಿನ ಆಧಾರವೂ ಇದೆ. 2016ರ ಕಾಯಿದೆಯ 24ನೇ ಕಲಂ, ಬೇರೆ ಸರ್ಕಾರಿ ವಿಮಾ ಯೋಜನೆಗಳಿಗೆ ಒಳಪಡದ ಅಂಗವಿಕಲರಿಗೆ ಸಮಗ್ರ ವಿಮಾ ಯೋಜನೆಯನ್ನು ಸರ್ಕಾರ ರೂಪಿಸಬೇಕಾದ ಸಾಮಾಜಿಕ ಭದ್ರತಾ ಕ್ರಮಗಳಲ್ಲಿ ಒಂದೆಂದು ಹೇಳುತ್ತದೆ. ಇಂಥ ಪ್ಯಾಕೇಜ್ ಬೇಕೆಂದು ಸರ್ಕಾರಕ್ಕೆ ಮನವಿ ಬರೆಯುವುದಾದರೆ ಈ ಕಲಮನ್ನು ಉಲ್ಲೇಖಿಸಿರಿ, ಕರಡನ್ನು ನಾನು ನೋಡಿಕೊಡುತ್ತೇನೆ.

ತುಂಗಾತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ಅರ್ಜಿ ನ್ಯಾಯಮಂಡಳಿಯಲ್ಲಿ ಸಮಯದೊಳಗೇ ಸಲ್ಲಿಕೆಯಾಗಿದೆ; ರಾಜಿಯ ಪ್ರಸ್ತಾಪ ಬಂದಿದೆ, ಅದನ್ನು ಈಗ ತಡೆಹಿಡಿಯಲು ಹೇಳುತ್ತೇನೆ. ಮನವಿಯ ಕರಡನ್ನು ಕಳುಹಿಸುತ್ತೇನೆ. ಪಕ್ಕದ ಊರಿನ ಹುಡುಗನ ತಾಯಿಯನ್ನು ಕರೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗುವುದೆಂದು ಮಾತಾಡಿದ್ದೇವೆ. ಒಂದು ಪ್ರಶ್ನೆ ಉಳಿದಿದೆ: ಅವನು ಬಿದ್ದದ್ದು ತಾರಸಿಯಿಂದ, ವಾಹನದ ವಿಮೆ ಅಲ್ಲಿ ಇಲ್ಲ. ಅವರಿಗೆ ಕಾರ್ಡು ಮಾಡಿಸುವುದನ್ನು ಬಿಟ್ಟು ಬೇರೆ ಏನಾದರೂ ಇದೆಯೇ?

ಆರೋಗ್ಯಮಿತ್ರ

ಗಾರೆ ಕೆಲಸ ಎಂದು ಬರೆದಿದ್ದೀರಿ. ಅವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದಾರೆಯೇ ಎಂದು ಕೇಳಿ. ನೋಂದಾಯಿತ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಮಂಡಳಿಯಿಂದ ವೈದ್ಯಕೀಯ ಸಹಾಯಧನ ಇದೆ. ಕಾರ್ಮಿಕ ಕಾರ್ಡು, ಹುಡುಗನ ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ಬ್ಯಾಂಕ್ ಪಾಸ್‌ಬುಕ್ ಹಿಡಿದು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಲಿ. ಅರ್ಜಿಗೆ ಗಡುವು ಇರುವುದರಿಂದ ಮುಂದೂಡುವುದು ಬೇಡ. ಬಿಇಒ ಕಚೇರಿಯ ಕೆಲಸವನ್ನೂ ಅದೇ ದಿನ ಮುಗಿಸಿಕೊಂಡರೆ ಅವರಿಗೆ ಇನ್ನೊಂದು ದಿನದ ಕೂಲಿ ಉಳಿಯುತ್ತದೆ.